ಕಾವಲಿನ ಹುಲ್ಲು, ಗುಡ್ಡದ ಅದಿರು: ಅಜ್ಜಂಪುರ ಸೀಮೆಯ ಪ್ರಶ್ನೋತ್ತರ

ಅಜ್ಜಂಪುರ, ಬೀರೂರು, ತರೀಕೆರೆ ಕಡೆಯ ದನಗಳ ಬಗ್ಗೆ, ಚಿಕ್ಕಮಗಳೂರು–ಹಾಸನದ ಗಣಿಗಳ ಬಗ್ಗೆ ಓದುಗರು ಬರೆದ ಪತ್ರಗಳನ್ನು ಈ ಸಲ ಒಟ್ಟಿಗೆ ಇಟ್ಟಿದ್ದೇವೆ. ದನದ ಪ್ರಶ್ನೆಗಳಿಗೆ ಪಶುವೈದ್ಯರೂ ಗಣಿಯ ಪ್ರಶ್ನೆಗಳಿಗೆ ಭೂವಿಜ್ಞಾನ ಬಲ್ಲವರೂ ಉತ್ತರ ಕೊಟ್ಟಿದ್ದಾರೆ.

ಅಜ್ಜಂಪುರ ಅಂದರೆ ದನ ಮತ್ತು ಗಣಿಯ ಊರು ಎಂದು ಕೇಳಿದ್ದೇವೆ. ಪ್ರೌಢಶಾಲೆ ಮಕ್ಕಳನ್ನು ಒಂದು ದಿನ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಗಣಿ ಎಲ್ಲಿದೆ, ದನ ಎಲ್ಲಿ ನೋಡಬಹುದು?
— ಶಿಕ್ಷಕಿ, ಹಾಸನ

ಪೇಟೆಯೊಳಗೆ ಗಣಿ ಇಲ್ಲ, ಈ ಸೀಮೆಗೆ ಹೆಸರು ತಂದ ದೇಸಿ ತಳಿಯಾದ ಅಮೃತಮಹಲ್ ದನ ಬೀದಿಯಲ್ಲಿ ಓಡಾಡುವುದೂ ಇಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮಕ್ಕಳಿಗೆ ನಿರಾಸೆಯಾಗುತ್ತದೆ. ಬೆಂಗಳೂರು–ಹುಬ್ಬಳ್ಳಿ ರೈಲು ಹಳಿಯ ಮೇಲೆ ಬೀರೂರು ದಾಟಿದ ನಂತರ ಸಿಗುವ ಸಣ್ಣ ಪೇಟೆ ಅಜ್ಜಂಪುರ. ತರೀಕೆರೆ ತಾಲ್ಲೂಕಿನಲ್ಲಿದ್ದ ಊರು 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು. ಬಾಬಾಬುಡನ್ ಗಿರಿಸಾಲು ಪಶ್ಚಿಮದ ಮಳೆಯನ್ನು ಬಹುಮಟ್ಟಿಗೆ ತಾನೇ ಹಿಡಿದುಕೊಳ್ಳುವುದರಿಂದ ಇತ್ತ ಕಡೆ ಅರೆಮಲೆನಾಡು, ಇನ್ನೂ ಪೂರ್ವಕ್ಕೆ ಹೋದರೆ ಪೂರಾ ಬಯಲು. ಎರೆಮಣ್ಣಿನಲ್ಲಿ ಈರುಳ್ಳಿ, ನೀರಿದ್ದಲ್ಲಿ ಅಡಿಕೆ, ತೆಂಗು. ಪೇಟೆಯ ವ್ಯಾಪಾರ ಇವತ್ತು ನಿಂತಿರುವುದು ಇವುಗಳ ಮೇಲೆ. ದನ ಮತ್ತು ಅದಿರು ಊರಿಗೆ ಹೆಸರು ತಂದವು, ಹೊಟ್ಟೆ ತುಂಬಿಸುತ್ತಿರುವುದು ಈರುಳ್ಳಿ, ಅಡಿಕೆ.

ದನಗಳಿರುವುದು ಪೇಟೆಯ ಹೊರಗೆ, ಪಶುಸಂಗೋಪನಾ ಇಲಾಖೆಯ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದ ಸುಪರ್ದಿಯಲ್ಲಿ. ಇದರ ಬೇರು ಮೈಸೂರು ಅರಸರ ಕಾಲದ್ದು. ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1672–1704) ಅರಮನೆಯ ಹಾಲು–ಬೆಣ್ಣೆಗೆಂದು ಕಟ್ಟಿದ ‘ಬೆಣ್ಣೆ ಚಾವಡಿ’ ಎಂಬ ದನದ ಇಲಾಖೆಯ ಎತ್ತುಗಳನ್ನು ಹೈದರ್ ಫಿರಂಗಿ ಎಳೆಯಲು ಬಳಸಿಕೊಂಡ, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. 1799ರ ನಂತರ ಬ್ರಿಟಿಷರ ಕೈಗೆ ಹೋದ ಹಿಂಡನ್ನು 1860ರಲ್ಲಿ ಖರ್ಚು ಹೆಚ್ಚೆಂದು ಮಾರಿ ಚದುರಿಸಿದರು. ಸೈನ್ಯಕ್ಕೆ ಎತ್ತು ಸಿಗದೆ ಒದ್ದಾಡಿದ ಮೇಲೆ 1866ರಲ್ಲಿ ಮತ್ತೆ ಕೂಡಿಸಿದರು. 1882ರಲ್ಲಿ ಮೈಸೂರು ಸರ್ಕಾರಕ್ಕೆ ಬಂತು. ಆರೇ ವರ್ಷದಲ್ಲಿ ಚದುರಿಸಿ ಕೂಡಿಸಿದ ಹಿಂಡು ಮೊದಲಿನಂತೆ ಇರಲಿಲ್ಲ ಎನ್ನುವುದನ್ನು ಮಕ್ಕಳಿಗೆ ಹೇಳಿ. ತಳಿ ಅನ್ನುವುದು ಮಾರಿ ಮತ್ತೆ ಕೊಂಡು ತರಬಹುದಾದ ಸಾಮಾನಲ್ಲ.

ಕಾವಲು ಎಂದರೆ ಈ ಹಿಂಡುಗಳಿಗೆ ಮೀಸಲಿಟ್ಟ ಹುಲ್ಲುಗಾವಲು. ಹಳೆಯ ಏರ್ಪಾಟಿನಲ್ಲಿ ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದು ಎಂದು ಮೂರು ಬಗೆ. ಬೇಸಿಗೆಯ ಕಾವಲಿಗೆ ಮರದ ನೆರಳು ಮತ್ತು ಕೆರೆ ಇರಲೇಬೇಕು, ಏಕೆಂದರೆ ಅಲ್ಲಿ ಹುಲ್ಲಿಗಿಂತ ನೀರು ಮುಖ್ಯ. ಹಿಂಡು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು, ಬಿಟ್ಟುಬಂದ ಕಾವಲು ಆ ಹೊತ್ತಿನಲ್ಲಿ ಚಿಗುರುತ್ತಿತ್ತು. ಚಿಕ್ಕಮಗಳೂರು, ಹಾಸನ, ಚಿತ್ರದುರ್ಗ, ತುಮಕೂರು ಸೀಮೆಗಳಲ್ಲೆಲ್ಲ ಹರಡಿದ್ದ ಕಾವಲುಗಳ ಎಷ್ಟೋ ಭಾಗ ಈಗ ಬೇರೆ ಕೆಲಸಗಳಿಗೆ ಹೋಗಿದೆ. ಚಳ್ಳಕೆರೆ ಕಡೆಯ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟದ್ದು ದೊಡ್ಡ ವಿವಾದವೇ ಆಯಿತು.

ನಿಮ್ಮ ದಿನದ ಏರ್ಪಾಡಿಗೆ ಬಂದರೆ: ಶಾಲೆಯ ಪತ್ರದಲ್ಲಿ ಮಕ್ಕಳ ಸಂಖ್ಯೆ, ದಿನಾಂಕ ಬರೆದು ಕೇಂದ್ರದ ಅಧಿಕಾರಿಗೆ ಮೊದಲೇ ಕಳಿಸಿ ಅನುಮತಿ ಪಡೆಯಿರಿ. ಆಗಸ್ಟ್‌ನಿಂದ ನವೆಂಬರ್‌ವರೆಗೆ ಹುಲ್ಲು ಹಸಿರಾಗಿರುತ್ತದೆ. ಬೆಳಿಗ್ಗೆ ಹಿಂಡು ಮೇಯಲು ಬಿಡುವ ಹೊತ್ತಿಗೆ ಅಲ್ಲಿರಬೇಕು, ಬಿಸಿಲೇರಿದ ಮೇಲೆ ದನ ದೂರ ಹೋಗಿರುತ್ತವೆ. ಗೋಪಾಲಕರು ಜೊತೆಗಿಲ್ಲದೆ ಹಿಂಡಿನ ಹತ್ತಿರ ಹೋಗಬಾರದು. ಕರು ಹಾಕಿದ ಹಸುವಂತೂ ಇಪ್ಪತ್ತು ಮಾರು ದೂರದಿಂದಲೇ ತಲೆ ತಗ್ಗಿಸುತ್ತದೆ. ನಾಯಿ ಬೇಡ, ಸೀಟಿ ಬೇಡ. ಮಧ್ಯಾಹ್ನಕ್ಕೆ ತರೀಕೆರೆ ಹತ್ತಿರದ ಅಮೃತಾಪುರದ ಹೊಯ್ಸಳ ದೇವಸ್ಥಾನ ಸೇರಿಸಿಕೊಳ್ಳಬಹುದು. 1196ರಲ್ಲಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು, ದನಕ್ಕೂ ಅದಕ್ಕೂ ಸಂಬಂಧವಿಲ್ಲ. ಹಳೆಯ ಗಣಿ ನೋಡಲು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಗೆ ಬೇರೆ ದಿನ ಇಟ್ಟುಕೊಳ್ಳಿ.

ಹರಾಜಿನಲ್ಲಿ ಒಂದು ಜೊತೆ ಅಮೃತಮಹಲ್ ಹೋರಿಕರು ಹಿಡಿಯಬೇಕೆಂದಿದ್ದೇನೆ. ಏನೇನು ನೋಡಬೇಕು, ಏನು ಒಯ್ಯಬೇಕು?
— ರೈತ, ಅರಸೀಕೆರೆ ತಾಲ್ಲೂಕು

ಇಲಾಖೆಯ ಹೋರಿಕರುಗಳ ಹರಾಜು ಬೀರೂರಿನಲ್ಲಿ ನಡೆಯುವುದು ರೂಢಿ. ದಿನ, ಜಾಗ, ಷರತ್ತು ಪ್ರತಿಸಲ ಪ್ರಕಟಣೆಯಲ್ಲಿ ಬರುತ್ತವೆ. ಠೇವಣಿ ಎಷ್ಟು, ನಗದೋ ಡಿ.ಡಿ.ಯೋ, ಪಹಣಿ–ಆಧಾರ್ ಕೇಳಿದ್ದಾರೆಯೇ ಎನ್ನುವುದನ್ನು ಆ ಪ್ರಕಟಣೆಯಲ್ಲೇ ಓದಿಕೊಳ್ಳಿ, ಹೋದ ವರ್ಷ ಹೋಗಿ ಬಂದವರ ಮಾತು ನಂಬಿ ಹೋಗಬೇಡಿ. ಒಳ್ಳೆಯ ಜೊತೆ ಲಕ್ಷ ದಾಟುವುದು ಈಗ ಸಾಮಾನ್ಯ. ಕೂಗು ಏರಿದಾಗ ನಿಮ್ಮ ಮಿತಿ ಎಲ್ಲಿಗೆ ಎಂದು ಮನೆಯಲ್ಲೇ ನಿರ್ಧರಿಸಿ ಹೋಗಿ. ಕೊಂಡ ಬೆಲೆಯಲ್ಲದೆ ಸಾಗಣೆ, ಕಟ್ಟಲು ಜಾಗ, ಪಳಗಿಸುವ ಒಂದು ವರ್ಷದ ಮೇವು, ಇಷ್ಟನ್ನೂ ಲೆಕ್ಕಕ್ಕೆ ಸೇರಿಸಿ.

ಹರಾಜಿನ ದಿನವೇ ಮೊದಲ ಬಾರಿ ನೋಡುವುದು ತಪ್ಪು. ತೋರಿಸಲು ಬಿಡುವ ದಿನ ಹೋಗಿ, ನಿಂತಿರುವಾಗ ಅಲ್ಲ, ನಡೆಯುವಾಗ ನೋಡಿ. ಹಿಂಗಾಲಿನ ಹೆಜ್ಜೆ ಮುಂಗಾಲಿನ ಹೆಜ್ಜೆಯ ಮೇಲೆ ಅಥವಾ ಸ್ವಲ್ಪ ಮುಂದೆ ಬೀಳಬೇಕು. ಹಿಂದೆ ಉಳಿದರೆ ನಡಿಗೆ ಗಿಡ್ಡ, ಗಾಡಿಗೆ ಚುರುಕಿಲ್ಲ. ಹಿಂದಿನಿಂದ ನೋಡಿದಾಗ ಮಂಡಿಗಳು ಒಂದಕ್ಕೊಂದು ತಾಗುವಂತಿರಬಾರದು. ಗೊರಸು ಕಪ್ಪಗೆ, ಗಟ್ಟಿಯಾಗಿ, ಸೀಳು ಬಿಗಿಯಾಗಿ ಇರಬೇಕು, ಅಗಲಕ್ಕೆ ಬಿಟ್ಟುಕೊಂಡ ಗೊರಸಿಗೆ ಲಾಳ ನಿಲ್ಲುವುದಿಲ್ಲ. ಕೊಂಬು ಬುಡದಲ್ಲಿ ಹತ್ತಿರ ಹುಟ್ಟಿ ಹಿಂದಕ್ಕೆ ಹೋಗಿ ಮೇಲಕ್ಕೆ ತಿರುಗುವುದು ತಳಿಯ ಗುಣ. ತುದಿ ತೀರ ಒಳಕ್ಕೆ ಬಾಗಿ ಒಂದಕ್ಕೊಂದು ಕತ್ತರಿಯಾಗುವ ಲಕ್ಷಣವಿದ್ದರೆ ಜೋಡಿ ಕಟ್ಟಿದಾಗ ತೊಂದರೆ.

ಜೊತೆ ಎಂದರೆ ಬಣ್ಣ ಒಂದೇ ಇರುವುದಲ್ಲ. ಭುಜದ ಎತ್ತರ ಒಂದೇ ಇರಬೇಕು. ಎರಡು ಬೆರಳಿನಷ್ಟು ವ್ಯತ್ಯಾಸವಿದ್ದರೂ ನೊಗ ವಾಲುತ್ತದೆ, ಗಿಡ್ಡದರ ಹೆಗಲಿನ ಮೇಲೆ ಭಾರ ಬೀಳುತ್ತದೆ, ಹೆಗಲು ಬಾವು ಅಲ್ಲಿಂದಲೇ ಶುರು. ಬೆಳೆಯುವ ಕರುವಾದ್ದರಿಂದ ವಯಸ್ಸೂ ಹತ್ತಿರವಿರಬೇಕು, ಇಲ್ಲದಿದ್ದರೆ ಇಂದು ಸರಿಸಮ ಕಂಡದ್ದು ಎರಡು ವರ್ಷಕ್ಕೆ ಏರುಪೇರಾಗುತ್ತದೆ. ಸಂತೆಯಲ್ಲಿ ಮಾಡುವಂತೆ ಬಾಯಿ ಬಿಡಿಸಿ ಹಲ್ಲು ನೋಡಲು ಇವು ಬಿಡುವುದಿಲ್ಲ. ಹಾಲುಹಲ್ಲಿನ ಕರುಗಳೇ ಹೆಚ್ಚಿರುತ್ತವೆ. ಕೇಂದ್ರದ ಜನನ ದಾಖಲೆ ಮತ್ತು ಕಿವಿಯ ಹಳದಿ ಬಿಲ್ಲೆಯ 12 ಅಂಕಿಯ ಸಂಖ್ಯೆ ತಾಳೆ ನೋಡಿ, ಅದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಸುಳಿ ನೋಡುವವರು ನೋಡಿಕೊಳ್ಳಲಿ, ಆದರೆ ಸುಳಿ ಚೆನ್ನಾಗಿದೆ ಎಂದು ಕೆಟ್ಟ ಗೊರಸಿನ ಕರು ಹಿಡಿಯಬೇಡಿ.

ಸಾಗಣೆ: ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಒಂದು ಲಾರಿಗೆ ಆರಕ್ಕಿಂತ ಹೆಚ್ಚು ದನ ಹತ್ತಿಸುವಂತಿಲ್ಲ, ಜೊತೆಗೆ ಬೇರೆ ಸರಕು ಇರಬಾರದು, ತಲೆ ಇಂಜಿನ್ ಕಡೆಗೆ ಇರಬೇಕು, ನೋಡಿಕೊಳ್ಳಲು ಒಬ್ಬ ಆಳು ಇರಬೇಕು. ಪಶುವೈದ್ಯರ ಪ್ರಯಾಣ ಯೋಗ್ಯತೆಯ ಪತ್ರ, ಹರಾಜಿನ ರಸೀದಿ ಚಾಲಕನ ಕೈಯಲ್ಲಿರಲಿ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ ಬಂದ ಮೇಲೆ ದಾಖಲೆಯಿಲ್ಲದ ಸಾಗಣೆಗೆ ದಾರಿಯಲ್ಲಿ ತಡೆ ಖಂಡಿತ. ಲಾರಿಯ ತಳಕ್ಕೆ ಮರಳು ಅಥವಾ ಹುಲ್ಲು ಹಾಸಿ. ಬರೀ ತಗಡಿನ ಮೇಲೆ ಗೊರಸು ಜಾರಿ ಕಾಲು ಮುರಿಯುವುದೇ ಸಾಗಣೆಯ ಸಾಮಾನ್ಯ ನಷ್ಟ. ಅಡ್ಡ ಹಲಗೆ ಹಾಕಿ ಎರಡು ಕರುವಿನ ನಡುವೆ ಮರೆ ಮಾಡಿದರೆ ಹಾಯುವುದು ಕಡಿಮೆಯಾಗುತ್ತದೆ. ತಂಪು ಹೊತ್ತಿನಲ್ಲಿ ಹೊರಡಿ, ದಾರಿಯಲ್ಲಿ ನಿಲ್ಲಿಸಬೇಡಿ.

ಹರಾಜಿನಿಂದ ತಂದ ಅಮೃತಮಹಲ್ ಕರುಗಳು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಒಂದು ಕರು ಹಗ್ಗ ಹರಿದುಕೊಂಡು ಹೋಗಿ ಎರಡು ದಿನದ ಮೇಲೆ ಸಿಕ್ಕಿತು. ಮೂಗು ಚುಚ್ಚಿಸಿಬಿಡಬಹುದೇ?
— ಕೃಷಿಕ, ಕಡೂರು

ಈಗಲೇ ಬೇಡ. ಇವು ಕಾವಲಿನಲ್ಲಿ ಹುಟ್ಟಿ ಬೆಳೆದವು, ಮನುಷ್ಯನ ಕೈ ಕಂಡದ್ದು ಲಸಿಕೆ ಹಾಕುವಾಗ ಮಾತ್ರ. ಬಂದ ದಿನವೇ ಮೂಗು ಚುಚ್ಚಿ ಗೂಟಕ್ಕೆ ಕಟ್ಟಿದರೆ ಮನುಷ್ಯನೆಂದರೆ ನೋವು ಎಂದು ಕಲಿಯುತ್ತವೆ, ಆಮೇಲೆ ಜನ್ಮಕ್ಕೂ ಬಿಡಿಸಲಾಗದು.

ಮೊದಲ ಹದಿನೈದು ದಿನ ಎದೆಯೆತ್ತರದ ಗಟ್ಟಿ ಬೇಲಿಯೊಳಗೆ, ಜೊತೆಯಾಗಿ, ಬಿಟ್ಟೇ ಇರಿ. ಒಂದೇ ಕರುವನ್ನು ಬೇರೆ ಇಡಬೇಡಿ, ಒಂಟಿಯಾದ ಕರು ಹುಚ್ಚೆದ್ದು ಬೇಲಿಗೆ ಹಾಯುತ್ತದೆ. ಮೇವು, ನೀರು ಕೊಡುವವರು ಒಬ್ಬರೇ ಇರಲಿ, ಹೊತ್ತೂ ಒಂದೇ ಇರಲಿ, ಒಳಗೆ ಹೋಗುವಾಗ ಒಂದೇ ಬಗೆಯ ಕೂಗು ಇರಲಿ. ಗೋದಲಿಯ ಹತ್ತಿರ ನಿಂತು ಬೆಲ್ಲ ಸವರಿದ ಮೇವು ತಿನ್ನಿಸಿ. ಕೈಯಿಂದ ತಿನ್ನಲು ಶುರುಮಾಡಿದ ಮೇಲೆ ಉದ್ದ ಕೋಲಿಗೆ ಗೋಣಿ ಸುತ್ತಿ ಬೆನ್ನು, ಪಕ್ಕೆ ಉಜ್ಜಿ. ಕೋಲಿನಿಂದ ಕೈಗೆ ಬರಲು ವಾರ ಹಿಡಿಯಬಹುದು. ಮುಖ, ಕೊಂಬು ಕೊನೆಗೆ.

ಆಮೇಲೆ ಕೊರಳಿಗೆ ಹಗ್ಗ. ನೈಲಾನ್ ಬೇಡ, ಹತ್ತಿಯದೋ ನಾರಿನದೋ ದಪ್ಪ ಹಗ್ಗ ಇರಲಿ. ಹಗ್ಗದ ತುದಿ ನೆಲಕ್ಕೆ ಎಳೆದಾಡುವಂತೆ ಒಂದೆರಡು ದಿನ ಹಾಗೇ ಬಿಡಿ. ತನ್ನ ಕಾಲು ಹಗ್ಗದ ಮೇಲೆ ಬಿದ್ದು ತಾನೇ ನಿಲ್ಲುವುದನ್ನು ಕಲಿಯುತ್ತದೆ. ಕಟ್ಟುವಾಗ ಗೂಟದ ಎತ್ತರ ನೆಲಮಟ್ಟವಲ್ಲ, ಕರುವಿನ ಎದೆಯ ಮಟ್ಟ. ನೆಲದ ಗೂಟಕ್ಕೆ ಉದ್ದ ಹಗ್ಗ ಕಟ್ಟಿದರೆ ಓಡಿ ಬಂದು ತುದಿಯಲ್ಲಿ ಬಿದ್ದು ಕತ್ತು ತಿರುಚಿಕೊಳ್ಳುತ್ತದೆ. ನಿಮ್ಮದು ಹಗ್ಗ ಹರಿದದ್ದೂ ಬಹುಶಃ ಹೀಗೇ.

ಮೂಗು ಚುಚ್ಚಿಸುವುದು ಇಷ್ಟೆಲ್ಲ ಆಗಿ ಎರಡು ಮೂರು ತಿಂಗಳ ಮೇಲೆ, ಚಳಿಗಾಲದಲ್ಲಿ, ಪಶುವೈದ್ಯರ ಕೈಯಲ್ಲಿ. ಮೂಗಿನ ಗೋಡೆಯ ಮುಂಭಾಗದಲ್ಲಿ ಬೆರಳಿಗೆ ಮೆತ್ತಗೆ ತೆಳುವಾಗಿ ಸಿಗುವ ಜಾಗವೇ ಸರಿ. ಹಿಂದಕ್ಕೆ ಗಟ್ಟಿ ಮೃದ್ವಸ್ಥಿಗೆ ಚುಚ್ಚಿದರೆ ಗಾಯ ಮಾಯುವುದಿಲ್ಲ, ತೀರ ಮುಂದೆ ಚುಚ್ಚಿದರೆ ದಾರ ಕತ್ತರಿಸಿಕೊಂಡು ಬರುತ್ತದೆ. ನುಣುಪಾದ ದಾರ ಹಾಕಿ ಹದಿನೈದು ದಿನ ಎಳೆಯಬಾರದು. ಮಳೆಗಾಲದಲ್ಲಿ ಚುಚ್ಚಿಸಿದರೆ ನೊಣ ಕೂತು ಹುಳ ಬೀಳುತ್ತದೆ. ದಿನಾ ಬೇವಿನೆಣ್ಣೆ ಮುಟ್ಟಿಸಿ.

ಮೇವಿನ ಬದಲಾವಣೆಯಲ್ಲೂ ಅವಸರ ಬೇಡ. ಒಣಹುಲ್ಲು ತಿಂದು ಬೆಳೆದ ಹೊಟ್ಟೆಗೆ ದಿಢೀರನೆ ಹಿಂಡಿ, ಹಸಿ ಕುದುರೆಮೆಂತೆ ಹಾಕಿದರೆ ಹೊಟ್ಟೆಯುಬ್ಬರ. ರಾಗಿ ಹುಲ್ಲು ಮೊದಲ ದಿನದಿಂದಲೇ ಸರಿ. ಹಿಂಡಿ–ಬೂಸಾ ದಿನಕ್ಕೆ ಕಾಲು ಕೆ.ಜಿ.ಯಿಂದ ಶುರುಮಾಡಿ ಎರಡು ವಾರದಲ್ಲಿ ಒಂದು ಕೆ.ಜಿ.ಗೆ ಏರಿಸಿ, ಖನಿಜ ಮಿಶ್ರಣ 30 ಗ್ರಾಂ. ಜಂತುಹುಳದ ಔಷಧಿ ಬಂದ ವಾರದಲ್ಲೇ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ, ಚರ್ಮಗಂಟು ರೋಗದ್ದು ವರ್ಷಕ್ಕೊಮ್ಮೆ, ಗಳಲೆ ಮತ್ತು ಚಪ್ಪೆ ರೋಗದ್ದು ಮುಂಗಾರಿಗೆ ಮೊದಲು. ಹೊಸ ಕರುಗಳನ್ನು ಮೂರು ವಾರ ಮನೆಯ ದನಗಳಿಂದ ದೂರ ಇಡಿ.

ನೊಗ ಕಲಿಸುವುದು ಹಾಲುಹಲ್ಲು ಬಿದ್ದು ಎರಡು ಶಾಶ್ವತ ಹಲ್ಲು ಬಂದ ಮೇಲೆ. ಮೊದಲು ಪಳಗಿದ ಹಳೆಯ ಎತ್ತಿನ ಜೊತೆ ಒಂದೊಂದನ್ನೇ ಕಟ್ಟಿ, ಬರೀ ನೊಗ ಹೊತ್ತು ನಡೆಯಲಿ. ನಂತರ ಹಗುರ ದಿಮ್ಮಿ, ಆಮೇಲೆ ಕುಂಟೆ, ಕೊನೆಗೆ ಖಾಲಿ ಗಾಡಿ. ಬೆಳಗಿನ ಅರ್ಧ ಗಂಟೆ ಸಾಕು. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಇರಲಿ, ಅದಲುಬದಲು ಮಾಡಬೇಡಿ. ಪೂರ್ತಿ ಹೇರು ನಾಲ್ಕು ಹಲ್ಲಿನ ನಂತರ. ಬೀಜ ಒಡೆಸುವ ವಿಚಾರದಲ್ಲಿ ತೀರ ಎಳೆಯದಕ್ಕೆ ಮಾಡಿಸಿದರೆ ಕತ್ತು, ಹೆಗಲು ತುಂಬಿಕೊಳ್ಳುವುದಿಲ್ಲ. ತೀರ ತಡಮಾಡಿದರೆ ಹಿಡಿತಕ್ಕೆ ಸಿಗುವುದಿಲ್ಲ. ಎರಡು ಹಲ್ಲಿನ ಸುಮಾರಿಗೆ ಇಕ್ಕಳದಿಂದ ಮಾಡಿಸುವುದು ಮಧ್ಯದ ದಾರಿ.

ಹಳ್ಳಿಕಾರ್ ಮತ್ತು ಅಮೃತಮಹಲ್ ನೋಡಿದರೆ ಒಂದೇ ಥರ. ಬೂಕನಬೆಟ್ಟದ ಜಾತ್ರೆಯಲ್ಲಿ ಅಮೃತಮಹಲ್ ಎಂದು ಹೇಳಿ ಮಾರುತ್ತಿದ್ದರು. ಗುರುತು ಹೇಗೆ?
— ಓದುಗ, ಚನ್ನರಾಯಪಟ್ಟಣ

ಒಂದೇ ಥರ ಕಾಣುವುದರಲ್ಲಿ ಆಶ್ಚರ್ಯವಿಲ್ಲ, ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳಿಂದಲೇ ಅಮೃತಮಹಲ್ ಹಿಂಡು ಕೂಡಿದ್ದು. ಕೊಂಬು, ಮುಖ ನೋಡಿ ತೀರ್ಮಾನ ಹೇಳುವವರು ಎಷ್ಟೋ ಸಲ ತಪ್ಪುತ್ತಾರೆ. ನಡತೆ ನೋಡಿ: ಹಳ್ಳಿಕಾರ್ ಮನೆಯ ಕೊಟ್ಟಿಗೆಯಲ್ಲಿ ಬೆಳೆದದ್ದು, ಜಾತ್ರೆಯ ಗದ್ದಲದಲ್ಲಿ ಮಾಲೀಕನ ಕೈ ನೆಕ್ಕುತ್ತ ನಿಲ್ಲುತ್ತದೆ. ಕಾವಲಿನ ಕರು ಹಾಗೆ ನಿಲ್ಲದು. ಕಡೆಗೆ ಪುರಾವೆ ಒಂದೇ, ಇಲಾಖೆಯ ಹರಾಜಿನ ರಸೀದಿ ಮತ್ತು ಕಿವಿ ಬಿಲ್ಲೆಯ ಸಂಖ್ಯೆ. ಅದಿಲ್ಲದೆ ಹೆಸರಿಗಾಗಿ ಹೆಚ್ಚು ಬೆಲೆ ಕೊಡಬೇಡಿ. ಹಾಗಂತ ಹಳ್ಳಿಕಾರ್ ಕಡಿಮೆಯದೇನಲ್ಲ, 2000ದಲ್ಲಿ ಅಂಚೆ ಇಲಾಖೆ ದೇಸಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ನಮ್ಮ ಹಳ್ಳಿಕಾರ್ ಇತ್ತು. ಮನೆಯಲ್ಲಿ ಹೆಣ್ಣುಮಕ್ಕಳೂ ಮಕ್ಕಳೂ ನೋಡಿಕೊಳ್ಳುವ ದನ ಬೇಕಾದರೆ ಹಳ್ಳಿಕಾರೇ ಮೇಲು.

ಅಮೃತಮಹಲ್ ಹಸು ಸಾಕಿ ಎ2 ಹಾಲು ಮಾರಬಹುದೇ?
— ಯುವ ಉದ್ಯಮಿ, ಚಿಕ್ಕಮಗಳೂರು

ಬೇಡ. ಕರುವಿಗೆ ಬಿಟ್ಟು ಸಿಗುವುದು ಒಂದೆರಡು ಲೀಟರ್, ಅದೂ ಕರು ಎದುರಿಗಿದ್ದರೆ. ಮೊದಲ ಕರು ಹಾಕುವಾಗ ನಾಲ್ಕು ವರ್ಷ ಹತ್ತಿರವಾಗಿರುತ್ತದೆ. ಎಳೆಯುವ ಶಕ್ತಿಗೆ ಆರಿಸಿ ಬೆಳೆಸಿದ ತಳಿಯ ಮೇಲೆ ಹಾಲಿನ ಲೆಕ್ಕ ಬರೆದರೆ ಬ್ಯಾಂಕಿನ ಕಂತು ಕಟ್ಟಲಾಗುವುದಿಲ್ಲ.

ಕೆಮ್ಮಣ್ಣುಗುಂಡಿಯಿಂದ ಅದಿರು ಕೆಳಗೆ ಹೇಗೆ ಬರುತ್ತಿತ್ತು? ಈಗ ಏನಾದರೂ ನೋಡಲು ಉಳಿದಿದೆಯೇ?
— ನಿವೃತ್ತ ಬ್ಯಾಂಕ್ ನೌಕರ, ತರೀಕೆರೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇದಕ್ಕೆ ಕಾರಣ. ಮೈಸೂರು ಸಂಸ್ಥಾನ ಕಟ್ಟಿಸಿದ ಕುಲುಮೆ 1923ರಲ್ಲಿ ಉರಿಯತೊಡಗಿತು, ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಕಾರ್ಖಾನೆಯ ಮಂಡಳಿಯ ಅಧ್ಯಕ್ಷರಾದರು. ಕಬ್ಬಿಣ ಮಾಡಲು ಮೂರು ಬೇಕು: ಅದಿರು, ಸುಣ್ಣಕಲ್ಲು, ಇಂಗಾಲ. ಕಲ್ಲಿದ್ದಲು ಇಲ್ಲಿ ಇಲ್ಲ, ಹಾಗಾಗಿ ಮಲೆನಾಡಿನ ಸೌದೆ ಸುಟ್ಟ ಇದ್ದಿಲನ್ನೇ ಬಳಸಿದರು. ಸುಣ್ಣಕಲ್ಲು ಭಂಡಿಗುಡ್ಡದ್ದು. ಅದಿರು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯದು, ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿ.

ಆ ಎತ್ತರದಿಂದ ಕೆಳಗೆ ತಣಿಗೆಬೈಲಿಗೆ ಅದಿರು ತಂದದ್ದು ರೋಪ್‌ವೇ. ಕಂಬದಿಂದ ಕಂಬಕ್ಕೆ ಎಳೆದ ಉಕ್ಕಿನ ಹಗ್ಗದಲ್ಲಿ ತೊಟ್ಟಿಗಳು ತೂಗುತ್ತ ಇಳಿಯುತ್ತಿದ್ದವು. ತಣಿಗೆಬೈಲಿನಿಂದ ಮುಂದೆ ಕಿರು ಹಳಿಯ ಮೇಲೆ ಭದ್ರಾವತಿಗೆ. ಮೇಲಿನಿಂದ ಕೆಳಗೆ ಸರಕು ಸಾಗಿಸುವ ರೋಪ್‌ವೇಯ ಲೆಕ್ಕ ಸರಳ: ತುಂಬಿ ಇಳಿಯುವ ತೊಟ್ಟಿಗಳ ಭಾರವೇ ಖಾಲಿ ತೊಟ್ಟಿಗಳನ್ನು ಮೇಲಕ್ಕೆ ಎಳೆಯುತ್ತದೆ. ಆದ್ದರಿಂದ ಇಲ್ಲಿ ಇಂಜಿನ್‌ಗಿಂತ ಬ್ರೇಕ್ ಮುಖ್ಯ. ತೊಟ್ಟಿಗಳ ನಡುವಿನ ಅಂತರ ಏರುಪೇರಾದರೆ ಹಗ್ಗ ಒಂದು ಕಡೆ ಜೋಲುತ್ತದೆ, ಗಾಳಿ ಹೆಚ್ಚಿದ್ದರೆ ತೊಟ್ಟಿ ಕಂಬಕ್ಕೆ ಬಡಿಯುತ್ತದೆ, ಮಳೆಗಾಲದ ಒದ್ದೆ ಅದಿರು ತೊಟ್ಟಿಯ ತಳಕ್ಕೆ ಅಂಟಿಕೊಂಡು ಪೂರ್ತಿ ಖಾಲಿಯಾಗದು. ಹಗ್ಗಕ್ಕೆ ಗ್ರೀಸ್ ಹಾಕುವುದು, ಎಳೆ ಕಿತ್ತಿದೆಯೇ ಎಂದು ಬೆರಳಳತೆಯಲ್ಲಿ ನೋಡುವುದು ಇಂಥ ಕಡೆ ನಿತ್ಯದ ಕೆಲಸ.

ಈಗ ಅಲ್ಲಿ ಗಣಿಗಾರಿಕೆ ಇಲ್ಲ. ಗುಡ್ಡದ ಮೆಟ್ಟಿಲು ಮೆಟ್ಟಿಲಾದ ಕಡಿತಗಳು, ಕೆಂಪು ಮಣ್ಣಿನ ದಿಣ್ಣೆಗಳು ಕಾಣುತ್ತವೆ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆ ತಂಗುದಾಣವಾಗಿದ್ದರಿಂದ ತೋಟಗಾರಿಕೆ ಇಲಾಖೆಯ ಉದ್ಯಾನ, ತಂಗುವ ಕೊಠಡಿ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು, ಜಾರು ರಸ್ತೆ, ಜಿಗಣೆ. ಹಳೆಯ ಗಣಿ ಕಡಿತದ ಅಂಚಿನಲ್ಲಿ ನಿಂತು ಫೋಟೊ ತೆಗೆಯಬೇಡಿ, ಪುಡಿಯಾದ ಅದಿರುಕಲ್ಲು ಕಾಲಡಿಯಲ್ಲೇ ಜರಿಯುತ್ತದೆ. ಹೆಬ್ಬೆ ಜಲಪಾತದ ಕಡೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಕುದುರೆಮುಖದ ಗಣಿ ನಿಂತದ್ದು ಅದಿರು ಮುಗಿದದ್ದಕ್ಕೋ?
— ಪಿಯು ವಿದ್ಯಾರ್ಥಿನಿ, ಮೂಡಿಗೆರೆ

ಅಲ್ಲ, ಅದಿರು ಇನ್ನೂ ಇದೆ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಮೊದಲಿಗೆ ಇರಾನ್‌ಗೆ ಅದಿರು ಕಳಿಸಲೆಂದೇ ಹುಟ್ಟಿದ ಯೋಜನೆ. ಕುದುರೆಮುಖದ ಮ್ಯಾಗ್ನಟೈಟ್ ಬಡ ಅದಿರು, ಕಬ್ಬಿಣದ ಅಂಶ ಶೇ 40ಕ್ಕಿಂತ ಕಡಿಮೆ. ನುಣ್ಣಗೆ ಅರೆದು, ಅಯಸ್ಕಾಂತದಿಂದ ಬೇರ್ಪಡಿಸಿ, ನೀರಿನಲ್ಲಿ ಕಲಸಿ ಸುಮಾರು 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಹುಡಿಯನ್ನು ತಡೆದು ನಿಲ್ಲಿಸಲು ಲಕ್ಯಾ ಅಣೆಕಟ್ಟು. ಬಡ ಅದಿರಾದ್ದರಿಂದ ಅಗೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡಿಯಾಗಿ ಅಲ್ಲೇ ಉಳಿಯಿತು ಎನ್ನುವುದನ್ನು ಗಮನಿಸಿ. ವಿಪರೀತ ಮಳೆಯ ಜಾಗ, ಭದ್ರೆಯ ನೆತ್ತಿ, ಸುತ್ತ 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ. ಹೂಳು ಹೊಳೆಗೆ ಹರಿಯುವ ಪ್ರಶ್ನೆ ನ್ಯಾಯಾಲಯದವರೆಗೆ ಹೋಗಿ, 2002ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಗಡುವು ಕೊಟ್ಟಿತು. 2005ರ ಕೊನೆಗೆ ಅಗೆತ ನಿಂತಿತು.

ನುಗ್ಗೇಹಳ್ಳಿ ಹೋಬಳಿಯ ಹಳೆಯ ಕ್ರೋಮ್ ಗುಂಡಿಗಳ ಹತ್ತಿರ ನಮ್ಮ ದನ ಮೇಯುತ್ತವೆ. ಗುಂಡಿಯ ನೀರು ಕುಡಿಯುತ್ತವೆ. ಅಪಾಯವೇ?
— ಹೈನುಗಾರ್ತಿ, ಚನ್ನರಾಯಪಟ್ಟಣ ತಾಲ್ಲೂಕು

ಗುಂಡಿಯ ನೀರು ಇಂದಿನಿಂದಲೇ ನಿಲ್ಲಿಸಿ. ಕಾರಣ ಹೀಗಿದೆ. ಬೈರಾಪುರ, ತಗಡೂರು, ಜಂಬೂರು ಕಡೆ ಸಿಗುವ ಕ್ರೋಮೈಟ್ ಕಬ್ಬಿಣ–ಕ್ರೋಮಿಯಂ ಸೇರಿದ ಅದಿರು. ಕಲ್ಲಿನೊಳಗೆ ಇರುವ ಕ್ರೋಮಿಯಂ ಮೂರು ವೇಲೆನ್ಸಿಯದು, ಹೆಚ್ಚು ಕರಗದು. ಆದರೆ ಅಗೆದು ಪುಡಿಮಾಡಿ ಬಯಲಲ್ಲಿ ಸುರಿದ ತ್ಯಾಜ್ಯ ಗಾಳಿ, ಮಳೆ, ಮ್ಯಾಂಗನೀಸ್ ಇರುವ ಮಣ್ಣಿನ ಜೊತೆ ವರ್ಷಗಟ್ಟಲೆ ಇದ್ದಾಗ ಸ್ವಲ್ಪ ಭಾಗ ಆರು ವೇಲೆನ್ಸಿಯ ಕ್ರೋಮಿಯಂ ಆಗುತ್ತದೆ. ಅದು ನೀರಿನಲ್ಲಿ ಕರಗುತ್ತದೆ, ವಿಷವೂ ಹೌದು. ತೀರ ಹೆಚ್ಚಿದ್ದರೆ ನೀರಿಗೆ ಹಳದಿ ಛಾಯೆ ಬರುತ್ತದೆ, ಆದರೆ ತಿಳಿಯಾಗಿ ಕಂಡರೆ ಸುರಕ್ಷಿತ ಎಂದುಕೊಳ್ಳಬೇಡಿ.

ನೀರು ಪರೀಕ್ಷೆಗೆ ಒಂದು ಲೀಟರಿನ ಶುದ್ಧ ಪ್ಲಾಸ್ಟಿಕ್ ಸೀಸೆಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಕುತ್ತಿಗೆವರೆಗೂ ತುಂಬಿ, ಐಸ್ ಇಟ್ಟ ಡಬ್ಬದಲ್ಲಿ 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸಿ. ‘ಒಟ್ಟು ಕ್ರೋಮಿಯಂ’ ಮತ್ತು ‘ಆರು ವೇಲೆನ್ಸಿ ಕ್ರೋಮಿಯಂ’ ಎರಡನ್ನೂ ಬರೆಸಿ. ಸಾಮಾನ್ಯ ಕುಡಿಯುವ ನೀರಿನ ಪರೀಕ್ಷೆಯಲ್ಲಿ ಇದನ್ನು ನೋಡುವುದಿಲ್ಲ, ಅಲ್ಲೇ ಬಹಳ ಜನ ಮೋಸಹೋಗುವುದು. ಕುಡಿಯುವ ನೀರಿಗೆ ಒಟ್ಟು ಕ್ರೋಮಿಯಂ ಮಿತಿ ಲೀಟರಿಗೆ 0.05 ಮಿ.ಗ್ರಾಂ. ಮಳೆ ಶುರುವಾದ ಮೇಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೋಡಿಸಿ. ಬೇಸಿಗೆಯಲ್ಲಿ ನೀರು ಬತ್ತಿ ಸಾಂದ್ರವಾಗುತ್ತದೆ. ಕುದಿಸಿದರೆ ಹೋಗುತ್ತದೆ ಎನ್ನುವುದು ತಪ್ಪು, ನೀರು ಆವಿಯಾಗಿ ಪ್ರಮಾಣ ಏರುತ್ತದೆ.

ದನದಲ್ಲಿ ಕಾಣುವ ಭೇದಿ, ಜೊಲ್ಲು, ಮೈ ಇಳಿಯುವುದು, ಹಾಲು ಕಡಿಮೆಯಾಗುವುದು ಬೇರೆ ಹತ್ತು ಕಾಯಿಲೆಗೂ ಇರುವ ಲಕ್ಷಣ. ಪಶುವೈದ್ಯರಿಗೆ ‘ಗಣಿ ಗುಂಡಿಯ ನೀರು ಕುಡಿದಿದೆ’ ಎಂದು ಮೊದಲೇ ಹೇಳಿ, ಸತ್ತರೆ ಹೂಳುವ ಮೊದಲು ಶವಪರೀಕ್ಷೆ ಮಾಡಿಸಿ. ದಾಖಲೆ ಇಲ್ಲದೆ ಮುಂದೆ ಯಾರನ್ನೂ ಕೇಳಲಾಗದು.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ: ಕ್ರೋಮೈಟ್ ಸಿಗುವ ಆ ಹಸಿರು–ಕಪ್ಪು ಜಾರುಕಲ್ಲಿನ ಮಣ್ಣಿನಲ್ಲಿ ಮೆಗ್ನೀಷಿಯಂ, ನಿಕ್ಕಲ್ ಹೆಚ್ಚು, ಸುಣ್ಣದಂಶ ಕಡಿಮೆ. ಅಲ್ಲಿಯ ಹುಲ್ಲೇ ಬಡವಾಗಿರುತ್ತದೆ, ಅದನ್ನೇ ಮೇಯುವ ಕರೆಯುವ ಹಸುವಿಗೆ ಖನಿಜ ಮಿಶ್ರಣ ತಪ್ಪಿಸಬೇಡಿ. ಗಣಿಯ ತ್ಯಾಜ್ಯ ಕಲ್ಲು ಪುಕ್ಕಟೆ ಸಿಗುತ್ತದೆಂದು ಕೊಟ್ಟಿಗೆಯ ನೆಲಕ್ಕೆ, ಅಂಗಳಕ್ಕೆ ಹಾಕಿಸಬೇಡಿ. ಇಂಥ ಕಲ್ಲಿನಲ್ಲಿ ಕೆಲವೆಡೆ ಕಲ್ನಾರಿನ ಎಳೆಗಳಿರುತ್ತವೆ, ಪುಡಿಯಾದರೆ ಉಸಿರಿನೊಳಗೆ ಹೋಗುತ್ತದೆ.

ಬೇಲಿ, ದನಗಳಿಗೆ ಬೇರೆ ನೀರಿನ ತೊಟ್ಟಿಗೆ ಹಣ ಕೇಳಬೇಕಾದದ್ದು ಜಿಲ್ಲಾ ಖನಿಜ ಪ್ರತಿಷ್ಠಾನವನ್ನು. ಗಣಿ ಕಾಯ್ದೆಯ 2015ರ ತಿದ್ದುಪಡಿಯಂತೆ ಗುತ್ತಿಗೆದಾರರು ರಾಜಧನದ ಜೊತೆ ಕಟ್ಟುವ ಹಣ ಗಣಿಬಾಧಿತ ಊರುಗಳಿಗೆಂದೇ ಇರುವುದು. ಗ್ರಾಮಸಭೆಯ ಠರಾವು, ನೀರಿನ ವರದಿ, ಗುಂಡಿಯ ಸರ್ವೆ ನಂಬರ್, ಫೋಟೊ ಇಟ್ಟು ಜಿಲ್ಲಾಧಿಕಾರಿ ಕಚೇರಿಗೆ ಕೊಡಿ. ಒಬ್ಬರ ಅರ್ಜಿಗಿಂತ ಠರಾವಿಗೆ ಬೆಲೆ.

ಕಾವಲಿನಲ್ಲಿ ನಮ್ಮ ಕುರಿ–ಮೇಕೆ ಮೇಯಿಸಬಹುದೇ?
— ಓದುಗ, ಯಗಟಿ

ಇಲಾಖೆಯ ಅನುಮತಿ ಇಲ್ಲದೆ ಇಲ್ಲ. ಅದರಲ್ಲೂ ನಿಮ್ಮ ತಾಲ್ಲೂಕಿನ ಬಾಸೂರು ಕಾವಲು 2011ರಿಂದ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ, ಅಲ್ಲಿ ಅರಣ್ಯ ಇಲಾಖೆಯ ಮಾತೂ ನಡೆಯುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ಹೊಸ ಚಿಗುರಿಗೆಂದು ಬೆಂಕಿ ಹಾಕುವ ಹಳೆಯ ಚಾಳಿ ಬಿಡಿ, ಆ ವರ್ಷದ ಒಣಮೇವೆಲ್ಲ ಒಂದು ಸಂಜೆಯಲ್ಲಿ ಹೋಗುತ್ತದೆ.

ಭದ್ರಾ ಮೇಲ್ದಂಡೆ ಸುರಂಗ ನಮ್ಮೂರಿನ ಹತ್ತಿರವೇ ಹೋಗಿದೆ. ಅದರ ನೀರು ಅಜ್ಜಂಪುರಕ್ಕೂ ಸಿಗುತ್ತದೆಯೇ?
— ಈರುಳ್ಳಿ ಬೆಳೆಗಾರ, ಅಜ್ಜಂಪುರ

ಯೋಜನೆ ಮುಖ್ಯವಾಗಿ ಚಿತ್ರದುರ್ಗ, ತುಮಕೂರಿನ ಬಯಲಿಗೆ. ತುಂಗೆಯಿಂದ ಭದ್ರೆಗೆ 17.40 ಟಿಎಂಸಿ ಎತ್ತಿ, ಭದ್ರೆಯಿಂದ 29.90 ಟಿಎಂಸಿ ಅಜ್ಜಂಪುರದ ಬಳಿಯ ಸುಮಾರು ಏಳು ಕಿ.ಮೀ. ಸುರಂಗದ ಮೂಲಕ ಆಚೆಗೆ ಕಳಿಸುವುದು ಲೆಕ್ಕ. ತರೀಕೆರೆ ಕಡೆಗೂ ಪಾಲು ಇದೆ, ಆದರೆ ನಿಮ್ಮ ಸರ್ವೆ ನಂಬರ್ ಅಚ್ಚುಕಟ್ಟಿನಲ್ಲಿದೆಯೇ ಎನ್ನುವುದನ್ನು ಯೋಜನೆ ನಡೆಸುವ ನಿಗಮದ ಕಚೇರಿಯಲ್ಲಿ ನಕ್ಷೆ ನೋಡಿಯೇ ತಿಳಿದುಕೊಳ್ಳಿ. ಅದನ್ನು ನಂಬಿ ಈಗಲೇ ಈರುಳ್ಳಿ ಕಿತ್ತು ಅಡಿಕೆ ಸಸಿ ಇಡುವುದು ಜೂಜು.

ಹೊಸ ಜೊತೆಯನ್ನು ಅಂತರಘಟ್ಟೆ ಜಾತ್ರೆಯ ಪಾನಕದ ಗಾಡಿಗೆ ಕಟ್ಟಬೇಕೆಂದು ಮಗ ಹಟ ಹಿಡಿದಿದ್ದಾನೆ. ಕಟ್ಟಬಹುದೇ?
— ಯಜಮಾನರು, ಶಿವನಿ ಹೋಬಳಿ

ಈ ವರ್ಷ ಬೇಡ, ಬರುವ ವರ್ಷವೂ ನಾಲ್ಕು ಹಲ್ಲು ಬಂದಿದ್ದರೆ ಮಾತ್ರ. ಜನ, ತಮಟೆ, ಪಕ್ಕದ ಗಾಡಿಗಳ ಓಟ ಕಂಡು ಹೊಸ ಜೊತೆ ದಾರಿ ಬಿಟ್ಟು ಜನರ ಮೇಲೆ ನುಗ್ಗುತ್ತದೆ. ಮೊದಲು ಸಂತೆಗೆ ಖಾಲಿ ಗಾಡಿಯಲ್ಲಿ ಒಯ್ದು ಗದ್ದಲ ರೂಢಿ ಮಾಡಿಸಿ. ಲಾಳ ಜಾತ್ರೆಯ ಹಿಂದಿನ ದಿನ ಕಟ್ಟಿಸಬಾರದು, ಮೊಳೆ ಆಳಕ್ಕೆ ಹೋಗಿದ್ದರೆ ಓಟದಲ್ಲೇ ಕುಂಟುತ್ತದೆ. ಹತ್ತು ದಿನ ಮುಂಚೆ ಕಟ್ಟಿಸಿ. ಗಾಡಿಯಲ್ಲಿ ಅಚ್ಚಿನ ಕೀಲು ಸವೆದಿದೆಯೇ ನೋಡಿ ಹೊಸದು ಹಾಕಿ, ಚಕ್ರದ ಪಟ್ಟಾ ಸಡಿಲಿದ್ದರೆ ಕಮ್ಮಾರನ ಹತ್ತಿರ ಕಾಯಿಸಿ ಬಿಗಿ ಮಾಡಿಸಿ, ಅಚ್ಚಿಗೆ ಕೀಲೆಣ್ಣೆ ಹಾಕಿ, ಮೂಕಿಮರ ಸೀಳಿದ್ದರೆ ತಗಡು ಸುತ್ತಿ ಸಮಾಧಾನ ಮಾಡಿಕೊಳ್ಳದೆ ಮರವನ್ನೇ ಬದಲಿಸಿ. ಗಾಡಿಯ ಮೇಲೆ ಹೊಡೆಯುವವರು ಒಬ್ಬರು, ಹಿಂದೆ ಇನ್ನೊಬ್ಬರು ಸಾಕು. ಮಕ್ಕಳನ್ನು ಹತ್ತಿಸಬೇಡಿ.